ಇನ್ನೂರು ಮೀಟರ್ ಆಳದ ವಾಚು

ಹೆದರುವವರಲ್ಲಿ ಎರಡು ಬಗೆ. ಹಲ್ಲಿ ಕಂಡ ಕೂಡಲೇ ಕಿರುಚಿ ಮಂಚ ಹತ್ತುವವರು ಮೊದಲನೆಯ ಬಗೆ. ಅವರ ಭಯ ಓಣಿಗೆಲ್ಲ ಕೇಳಿಸುತ್ತದೆ, ನಾಲ್ಕು ಜನ ಪೊರಕೆ ಹಿಡಿದು ಓಡಿ ಬರುತ್ತಾರೆ, ಹಲ್ಲಿ ಹೋಗುತ್ತದೆ, ಅದರ ಹಿಂದೆಯೇ ಭಯವೂ ಹೋಗುತ್ತದೆ. ಎರಡನೆಯ ಬಗೆಯವರು ಹಲ್ಲಿಯನ್ನು ನೋಡಿಯೂ ಸುಮ್ಮನೆ ಕೂತಿರುತ್ತಾರೆ. ಅದು ಸೂರಿನ ಯಾವ ಜಾಗದಿಂದ ಜಾರಿದರೆ ತಮ್ಮ ತಲೆಯ ಯಾವ ಭಾಗದ ಮೇಲೆ ಬೀಳುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾರೆ. ಮುಖದಲ್ಲಿ ಏನೂ ಕಾಣದ್ದರಿಂದ ಜನ ಇಂಥವರನ್ನು ‘ಗಂಭೀರ ಸ್ವಭಾವ’ ಎಂದು ಹೊಗಳುತ್ತಾರೆ. ನಾನು ಎರಡನೆಯ ಬಗೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಚಳ್ಳಕೆರೆಯ ಒಂದು ಪಿ.ಯು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನನಗೆ ಗ್ಯಾಸ್ ಸಿಲಿಂಡರಿನ ಮೂತಿ, ಬಸ್ಸಿನ ಹಿಂಬಾಗಿಲು, ಮನೆಯ ಫೋನು ಎರಡು ಸಲ ಹೊಡೆದುಕೊಂಡು ನಿಂತುಹೋಗುವುದು, ಎಲ್ಲದರ ಭಯವೂ ಇತ್ತು. ವಿದ್ಯಾರ್ಥಿಗಳು ಮಾತ್ರ ನನ್ನನ್ನು ಕಂಡು ಹೆದರುತ್ತಿದ್ದರಂತೆ. ಅದನ್ನು ಕೇಳಿ ನನಗೆ ಇನ್ನಷ್ಟು ಹೆದರಿಕೆಯಾಗಿತ್ತು.

ಇಂಥ ನಾನು, ಮೊಣಕಾಲಿಗಿಂತ ಮೇಲೆ ನೀರು ಮುಟ್ಟಿಸಿಕೊಳ್ಳದವಳು, ಸಮುದ್ರದ ತಳಕ್ಕೆ ಮುಳುಗುವವರು ಕಟ್ಟಿಕೊಳ್ಳುವ ವಾಚೊಂದನ್ನು ಆರಿಸುವುದರಲ್ಲಿ ಒಂದೂವರೆ ತಿಂಗಳು ಕಳೆದೆ. ಅದು ಮನೆಗೆ ಬಂದ ಮೇಲೆ ಹನ್ನೊಂದು ದಿನ ಉಸಿರು ಬಿಗಿಹಿಡಿದು ಬದುಕಿದೆ. ಮುಳುಗುವವರೇ ಅಷ್ಟು ಹೊತ್ತು ಉಸಿರು ಹಿಡಿದಿರಲಾರರು.

ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆಯೊಂದರಿಂದ ನನ್ನನ್ನು ನೋಡಲು ಬಂದರು. ಹುಡುಗನ ಹೆಸರು ವೀರೇಶ. ಬಿ.ಕಾಂ. ಓದಿದ್ದರೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರದೆ, ನೂಲಿಗೆ ಬಣ್ಣ ಹಾಕುವ ಕೆಲಸವನ್ನು ತಾವೇ ನಿಂತು ಮಾಡುತ್ತಿದ್ದರು. ಹಿರಿಯರು ‘ಐದು ನಿಮಿಷ ಮಾತಾಡಿಕೊಳ್ಳಿ’ ಎಂದು ನಮ್ಮಿಬ್ಬರನ್ನು ನಡುಮನೆಯಿಂದ ಹಿತ್ತಲಿಗೆ ಕಳಿಸಿದರು. ವೀರೇಶರು ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಉಗುರಿನ ಸಂದಿಗಳೆಲ್ಲ ನೀಲಿ. “ಇದು ಸೋಪಿಗೆ ಹೋಗಲ್ಲ, ಸೀಮೆಎಣ್ಣೆಗೂ ಹೋಗಲ್ಲ. ಮೊದ್ಲೇ ಹೇಳಿಬಿಡ್ತೀನಿ,” ಅಂದರು. ನಾನು ತಲೆಯಾಡಿಸಿದೆ. “ಮನೇಲಿ ಅಜ್ಜಿ ತೆಲುಗು ಮಾತಾಡ್ತಾರೆ, ಸ್ವಲ್ಪ ಜೋರು,” ಅಂದರು. ಮತ್ತೆ ತಲೆಯಾಡಿಸಿದೆ. “ನೀವು ಕೆಲಸಕ್ಕೆ ಹೋಗಬೇಕಂದ್ರೆ ನಮ್ಮಲ್ಲೂ ಕಾಲೇಜು ಐತೆ,” ಅಂದರು. ಮೂರನೆಯ ಸಲವೂ ಆಡಿಸಿದೆ. ಹೇಳಬೇಕೆಂದುಕೊಂಡಿದ್ದ ಮಾತು ನನ್ನಲ್ಲಿ ಬೇಕಾದಷ್ಟಿತ್ತು. ಆದರೆ ಆ ನೀಲಿ ಉಗುರು ನೋಡಿ ಎದೆಯೊಳಗೆ ಏನೋ ಒಂದು ಹಿತವಾಗಿಬಿಟ್ಟಿತ್ತು. ಹಿತವಾದ ಕೂಡಲೇ ನನಗೆ ಭಯ ಶುರು: ಇದೂ ತಪ್ಪಿಹೋದರೆ?

ಒಪ್ಪಿಗೆ ಬಂತು. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಹುಡುಗನಿಗೆ ಉಂಗುರದ ಜೊತೆ ಒಂದು ವಾಚು ಇಡಬೇಕು. ಉಂಗುರ ಅಪ್ಪಾಜಿಯ ಪಾಲು, ವಾಚು ನನ್ನ ಸಂಬಳದಲ್ಲಿ ಎಂದು ನಾನೇ ಬಾಯಿ ಬಿಟ್ಟು ಹೇಳಿದ್ದೆ. ಅಪರೂಪಕ್ಕೆ ಬಾಯಿ ಬಿಟ್ಟದ್ದರ ಫಲ ಇದು. ವೀರೇಶರ ಅಜ್ಜಿ ಫೋನಿನಲ್ಲಿ ಅಪ್ಪಾಜಿಗೆ ಒಂದೇ ಮಾತು ಹೇಳಿದ್ದರು: “ಏನಾದ್ರೂ ಇಡ್ರಪ್ಪಾ. ಆದ್ರೆ ನೀಳ್ಳು ಬಿದ್ರೆ ಸಾಯೋದು ಇಡಬ್ಯಾಡ್ರಿ. ಈ ಹುಡುಗ ಆಗಲೇ ನಾಕು ವಾಚು ತಿಂದವನೆ!” ನೀಳ್ಳು ಎಂದರೆ ನೀರು. ವಿಷಯ ಇಷ್ಟೇ. ಕುದಿಯುವ ಹಂಡೆಯಲ್ಲಿ ನೂಲು ತಿರುವುವುದಕ್ಕೆ ಕೋಲಿರುತ್ತದೆ. ಆದರೆ ಬಣ್ಣ ಹಿಡಿದ ನೂಲನ್ನು ತಣ್ಣೀರಿನ ತೊಟ್ಟಿಯಲ್ಲಿ ಜಾಲಿಸುವುದಕ್ಕೆ ಮೊಣಕೈವರೆಗೆ ಕೈಯನ್ನೇ ಇಳಿಸಬೇಕು. ಯಾವ ಬಣ್ಣ ಎಷ್ಟು ನಿಮಿಷ ಎಂದು ನೋಡಲು ವಾಚೂ ಬೇಕು. ಹಾಗಾಗಿ ಅವರ ವಾಚುಗಳೆಲ್ಲ ಗಾಜಿನೊಳಗೆ ಹಬೆ ಕಟ್ಟಿಕೊಂಡು, ಒಂದೊಂದು ಬಣ್ಣದಲ್ಲಿ ಒಂದೊಂದು ಪ್ರಾಣ ಬಿಟ್ಟಿದ್ದವು.

ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಖಲೀಲ್ ಸಾಹೇಬರ ವಾಚಿನ ಅಂಗಡಿಯಿತ್ತು. ಎರಡು ಕುರ್ಚಿ ಹಾಕಿದರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುವುದು ಅವರ ಅಭ್ಯಾಸ. ಆ ಕಣ್ಣಿಗೆ ನನ್ನ ಭಯವೆಲ್ಲ ದೊಡ್ಡದಾಗಿ ಕಾಣುತ್ತಿರಬಹುದೆಂದು ನಾನು ಯಾವಾಗಲೂ ಇನ್ನೊಂದು ಕಣ್ಣನ್ನೇ ನೋಡಿ ಮಾತಾಡುತ್ತಿದ್ದೆ. ನೋಟ್‌ಬುಕ್ಕು, ಸ್ಕೇಲು, ಪೆನ್ಸಿಲ್ಲು ಹಿಡಿದು ಹೋದವಳನ್ನು ಕಂಡು ಅವರು ಮೊದಲು ತೂಕ ಮತ್ತು ಅಳತೆ ಇಲಾಖೆಯವಳೆಂದುಕೊಂಡು ಎದ್ದು ನಿಂತರು.

“ವಾಟರ್ ರೆಸಿಸ್ಟೆಂಟ್ ಅಂತ ಬರ್ದಿರೋದೆಲ್ಲ ಬರೀ ಬಾಯ್ಮಾತು ಮೇಡಂ,” ಅಂದರು. “ಹನಿ ಬಿದ್ರೆ ಮಾಫು, ಬಕೆಟ್ಟಾಗೆ ಬಿದ್ರೆ ಖಲಾಸ್. ನಿಮ್ಮ ಹುಡುಗನ ಕೆಲ್ಸಕ್ಕೆ ಡೈವರ್ ವಾಚೇ ಬೇಕು. ಸಮುಂದರ್‌ನಾಗೆ ಮುಳುಗೋರು ಕಟ್ಟೋದು. ಇನ್ನೂರು ಮೀಟರ್ ತಡೀತೈತೆ. ಟೈಮ್ ತಿರುಗ್ಸೋ ಗುಂಡೀನ ತಿರುಪು ಮೊಳೆ ಥರ ಬಿಗೀಬೇಕು. ಬಿಗಿದ್ರೆ ಕಬ್ಬಿಣದ ಕೋಟೆ. ಬಿಗೀದೆ ಬಿಟ್ರೆ ನಿಮ್ ಕಿಚನ್ ಜರಡಿ.”

“ಬ್ಯಾಟರಿಯದೋ, ಆಟೋಮ್ಯಾಟಿಕ್ಕೋ?” ಎಂದು ಕೇಳಿದೆ. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಮಾಡಿಕೊಂಡಿದ್ದೆ.

“ಬ್ಯಾಟ್ರಿ ವಾಚು ಎಲ್ಡು ವರ್ಷಕ್ಕೊಂದ್ಸಲ ಹೊಟ್ಟೆ ಬಿಚ್ಚಿಸ್ಕೊಂತೈತೆ. ನಮ್ಮಂಥೋರು ಒಂದ್ಸಲ ಬಿಚ್ಚಿದ ಹೊಟ್ಟೆ ಕಂಪ್ನಿ ಮುಚ್ಚಿದಂಗೆ ಮುಚ್ಚಲ್ಲ. ಅಲ್ಲಿಂದಾನೇ ಪಾನಿ ಒಳೀಕೆ. ಆಟೋಮ್ಯಾಟಿಕ್‌ನಾಗೆ ಒಳಗೊಂದು ಅರ್ಧ ಚಂದ್ರ ಇದ್ದಂಗೆ ತೂಕ ಐತೆ. ಕೈ ಆಡಿದ್ರೆ ಅದು ಆಡ್ತೈತೆ, ಅದು ಆಡಿದ್ರೆ ಸ್ಪ್ರಿಂಗು ಸುತ್ಕೊಂತೈತೆ. ಕೀ ಬ್ಯಾಡ, ಬ್ಯಾಟ್ರಿ ಬ್ಯಾಡ. ಆದ್ಮಿ ಓಡಾಡಿದ್ರೆ ಗಡಿಯಾರ ಓಡ್ತೈತೆ.”

“ಓಡಾಡದಿದ್ದರೆ?”

“ಓಡಾಡ್ದೇ ಇರೋ ಆದ್ಮಿಗೆ ಟೈಮ್ ಕಟ್ಕೊಂಡು ಏನಾಗ್ಬೇಕ್ರಿ ಮೇಡಂ?”

ಆಗ ಆ ಮಾತು ದೊಡ್ಡ ತತ್ವದ ಹಾಗೆ ಕೇಳಿಸಿತು. ಅದನ್ನೇ ಬರೆದುಕೊಂಡೆ. ಎಷ್ಟು ಗಂಟೆ ಆಡಿಸದಿದ್ದರೆ ನಿಲ್ಲುತ್ತದೆ ಎಂದು ಕೇಳಬೇಕಿತ್ತು. ಭೌತಶಾಸ್ತ್ರ ಓದಿದವಳು ತತ್ವಕ್ಕೆ ಮರುಳಾಗಿ ಅಂಕಿಯನ್ನು ಬಿಟ್ಟು ಬಂದೆ.

ಮನೆಯಲ್ಲಿ ಅಪ್ಪಾಜಿಗೆ ಬಂಗಾರದ ಬಣ್ಣದ, ತೆಳುವಾದ, ನೋಡಿದವರು ‘ಓಹೋ’ ಅನ್ನುವಂಥ ವಾಚಿನ ಆಸೆ. ಇನ್ನೂರು ಮೀಟರ್ ವಿಷಯ ಹೇಳಿದಾಗ ಅವರು ಶೇಂಗಾ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ಇನ್ನೂರು ಮೀಟರ್ ಅಂದ್ರೆ ಆರುನೂರೈವತ್ತು ಅಡಿ ಆತು. ಮೇಲಿನ ಹೊಲದಾಗೆ ಅಷ್ಟು ಆಳ ಬೋರು ಕೊರೆಸಿದಾಗ ಬಂದಿದ್ದು ಬರೀ ಬಿಳೇ ಧೂಳು. ನಿನ್ನ ವಾಚು ಅಲ್ಲಿ ಇಳಿಸಿದ್ರೆ ನೀರಿಲ್ದೆ ಬಾಯಾರಿ ಸಾಯ್ತೈತವ್ವ.” ಅವ್ವ ನಕ್ಕಳು. ನಾನು ನಗದೆ, ತೊಟ್ಟಿಯ ಆಳ ಎರಡೂವರೆ ಅಡಿ, ಉಳಿದ ಆರುನೂರ ನಲವತ್ತೇಳೂವರೆ ಅಡಿ ಮುನ್ನೆಚ್ಚರಿಕೆ ಎಂದು ವಿವರಿಸಿದೆ. ಮುನ್ನೆಚ್ಚರಿಕೆಯಲ್ಲಿ ನಾನು ಯಾವತ್ತೂ ಜಿಪುಣಳಲ್ಲ.

ಬೆಲೆಯಲ್ಲಿ ಮಾತ್ರ ಜಿಪುಣಳಾಗಲೇಬೇಕಿತ್ತು. ಸ್ವಿಸ್ ವಾಚಿನ ಬೆಲೆ ಕೇಳಿದಾಗ ಖಲೀಲ್ ಸಾಹೇಬರು ಭೂತಗನ್ನಡಿ ತೆಗೆದಿಟ್ಟು, “ಅದರ ಬದಲು ಒಂದು ಸೈಟ್ ತಗೊಳ್ರಿ” ಅಂದಿದ್ದರು. ಕೊನೆಗೆ ಜಪಾನಿನದೊಂದು ಗೊತ್ತಾಯಿತು. ಕಪ್ಪು ಮುಖ, ಕತ್ತಲಲ್ಲಿ ಹೊಳೆಯುವ ಅಂಕಿ, ಸುತ್ತ ತಿರುಗುವ ಬಳೆ. ಆ ಬಳೆಯನ್ನು ತಿರುಗಿಸಿಟ್ಟರೆ ಎಷ್ಟು ನಿಮಿಷ ಕಳೆಯಿತೆಂದು ಗೊತ್ತಾಗುತ್ತದೆ. ಮುಳುಗಿದವರಿಗೆ ಉಸಿರಿನ ಲೆಕ್ಕ, ಬಣ್ಣ ಹಾಕುವವರಿಗೆ ಹಂಡೆಯ ಲೆಕ್ಕ. ಇನ್ನುಳಿದದ್ದು ಪಟ್ಟಿ. ಚರ್ಮದ್ದು ದೇವರ ಮನೆಗೆ ಬರುವಂತಿಲ್ಲ. ರಬ್ಬರಿನದು ಸೈಕಲ್ ಟ್ಯೂಬಿನಂತೆ ಕಾಣುತ್ತದೆ ಎಂದು ಅಪ್ಪಾಜಿ ಒಪ್ಪಲಿಲ್ಲ. ಹಾಗಾಗಿ ಸ್ಟೀಲಿನ ಚೈನು. ಸಾಹೇಬರು ಬೆಂಗಳೂರಿನಿಂದ ತರಿಸಿಕೊಟ್ಟರು. ಡಬ್ಬಿ ಬಿಚ್ಚಿದಾಗ ಮೊದಲು ಬಗ್ಗಿ ನೋಡಿದವರು ನಮ್ಮ ದೊಡ್ಡತ್ತೆ, ಅಪ್ಪಾಜಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು, ಬಂದ ದಿನವೇ ದೇವರ ಮನೆಯ ಅಧಿಕಾರ ವಹಿಸಿಕೊಂಡವರು. “ಇದೇನವ್ವ, ಕೈಗೆ ಕಟ್ಟೋದೋ, ಮಳಿಗೆ ಬಾಗ್ಲಿಗೆ ಹಾಕೋ ಬೀಗಾನೋ?” ಅಂದರು. ಹಾಗೆ ಅನ್ನುತ್ತಲೇ ಅದನ್ನು ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿ, ತೆರೆದ ಡಬ್ಬಿಯ ಸಮೇತ ದೇವರ ಜಗಲಿಯ ಮೇಲೆ ಇಟ್ಟರು.

ನಮ್ಮ ಮನೆಯ ಪದ್ಧತಿ ಅದು. ಹುಡುಗನಿಗೆ ಕೊಡುವ ವಸ್ತು ಮನೆಗೆ ಬಂದ ದಿನದಿಂದ ಶಾಸ್ತ್ರದ ದಿನದವರೆಗೆ ಜಗಲಿಯ ಮೇಲೇ ಇರಬೇಕು. ಯಾರೂ ಮುಟ್ಟಬಾರದು. ಅದರಲ್ಲೂ ಹುಡುಗಿ ಮುಟ್ಟಲೇಬಾರದು. “ಹುಡುಗಿ ಮುಟ್ಟಿದ್ರೆ ಹುಡುಗನ ಹೊತ್ತೆಲ್ಲ ಅವಳ ಕೈಗೆ ಹೋಗ್ತೈತೆ,” ಎಂದು ದೊಡ್ಡತ್ತೆಯ ವ್ಯಾಖ್ಯಾನ. “ಮುಟ್ದಿದ್ರೂ ಹೋಗ್ತೈತೆ ಬಿಡಕ್ಕ,” ಎಂದು ಅಪ್ಪಾಜಿ ಗೊಣಗಿ ಅವ್ವನ ಕಣ್ಣು ತಪ್ಪಿಸಿ ಹೊರಗೆ ಹೋದರು.

ನಿಶ್ಚಿತಾರ್ಥಕ್ಕೆ ಹನ್ನೊಂದು ದಿನ ಇತ್ತು.

ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಕೈ ಮುಗಿಯಲು ಹೋದವಳಿಗೆ ಜಗಲಿಯ ಮೇಲೆ ಸೆಕೆಂಡಿನ ಮುಳ್ಳು ಅಲ್ಲಾಡದೆ ನಿಂತದ್ದು ಕಂಡಿತು. ಸಮಯ ಎರಡು ಗಂಟೆ ಹತ್ತು ನಿಮಿಷ. ಜಗಲಿಯ ಮೇಲೆ ಕೂತ ವಾಚು ಓಡಾಡುವುದಾದರೂ ಎಲ್ಲಿಗೆ? ಈ ಪದ್ಧತಿ ಮಾಡಿದ ಹಿರಿಯರ ಕಾಲದಲ್ಲಿ ಕೀ ಕೊಡುವ ವಾಚಿತ್ತು, ಶಾಸ್ತ್ರದ ದಿನ ಯಾರೋ ಗಂಡಸರು ಕೀ ಕೊಟ್ಟು ತಟ್ಟೆಯಲ್ಲಿಡುತ್ತಿದ್ದರು. ಆಮೇಲೆ ಬ್ಯಾಟರಿಯದು ಬಂತು, ಅದು ಜಗಲಿಯ ಮೇಲೆ ವರ್ಷಗಟ್ಟಲೆ ಓಡುತ್ತದೆ. ಮನುಷ್ಯರ ಕೈಯಲ್ಲಿ ಆಡಿದರೆ ಮಾತ್ರ ಬದುಕುವ, ಕೀ ಕೊಡುವುದಕ್ಕೂ ಬಾರದ ಈ ವಾಚನ್ನು ಹುಡುಕಿ, ವಿಚಾರಿಸಿ, ವಾದಿಸಿ ತಂದವಳು ನಾನೇ.

ನಿಂತರೇನು, ಆ ದಿನ ಅಲ್ಲಾಡಿಸಿ ಓಡಿಸಿದರಾಯಿತು ಎಂದು ನೀವು ಅನ್ನಬಹುದು. ನೀವು ನಮ್ಮ ದೊಡ್ಡತ್ತೆಯನ್ನು ಕಂಡಿಲ್ಲ. ಅವರಿಗೆ ಕಣ್ಣು ಅಷ್ಟಕ್ಕಷ್ಟೆ, ಆದರೆ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಡಬ್ಬಿಗೆ ಕಿವಿ ಕೊಟ್ಟು, “ನಡೀತೈತೆ” ಎಂದು ಮನೆಗೆಲ್ಲ ಕೇಳುವಂತೆ ಘೋಷಿಸುತ್ತಿದ್ದರು. ಅವರ ಬಳಿ ಶಕುನಗಳ ದೊಡ್ಡ ಸಂಗ್ರಹವೇ ಇತ್ತು. ದೂರದ ನೆಂಟರ ಹುಡುಗಿಯೊಬ್ಬಳ ಶಾಸ್ತ್ರದಲ್ಲಿ ತಟ್ಟೆಯೊಳಗಿನ ವಾಚು ನಿಂತಿತ್ತಂತೆ. ಗಂಡಿನ ಕಡೆಯವರು ‘ನಿಂತ ಹೊತ್ತನ್ನ ನಮ್ಮ ಹುಡುಗನ ಕೈಗೆ ಕಟ್ತೀರಾ’ ಎಂದು ಎಲೆ ಮುಂದಿನಿಂದ ಎದ್ದು ಹೋದರಂತೆ. ಪಾಯಸ ಬಡಿಸಿಯಾಗಿತ್ತಂತೆ. ಪಾಯಸದ ವಿವರ ಬಂದಾಗಲೇ ನನಗೆ ಕಥೆ ನಿಜವಿರಬೇಕು ಅನ್ನಿಸುತ್ತಿತ್ತು. ಮೊಳಕಾಲ್ಮೂರಿನ ಅಜ್ಜಿಯೂ ಇದೇ ಪಂಗಡದವರೆಂದು ಕೇಳಿದ್ದೆ. ಎರಡು ಮನೆಯಲ್ಲಿ ಇಬ್ಬರು ಇಂಥವರು, ನಡುವೆ ನಿಂತುಹೋದ ಒಂದು ವಾಚು. ನೀಲಿ ಉಗುರುಗಳು ನನ್ನಿಂದ ದೂರ ಸರಿದು ಹೋಗುವುದು ಕಣ್ಣಿಗೆ ಕಟ್ಟಿತು.

ಬಾಗಿಲು ಒರಗಿಸಿದೆ. ವಾಚನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡೆ, ಬಟ್ಟೆ ನಡುವೆ ಇದ್ದರೆ ಮುಟ್ಟಿದ ಹಾಗಲ್ಲ ಎಂಬ ಹೊಸ ಶಾಸ್ತ್ರವನ್ನು ಆ ಕ್ಷಣದಲ್ಲಿ ಕಂಡುಹಿಡಿದು. ಗುಂಡಿ ತಿರುವಿ ಸಮಯ ಸರಿಪಡಿಸಿದೆ, ಗುಂಡಿ ಬಿಗಿದೆ, ಆಮೇಲೆ ಕಣ್ಣು ಮುಚ್ಚಿ ವಾಚನ್ನು ಎದೆಯ ಹತ್ತಿರ ಹಿಡಿದು ಎಡಕ್ಕೂ ಬಲಕ್ಕೂ ಆಡಿಸತೊಡಗಿದೆ. ಎಷ್ಟು ಆಡಿಸಬೇಕು ಎನ್ನುವುದಕ್ಕೆ ಸೂತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಹೆಚ್ಚೇ ಇರಲಿ ಎಂದು ಬೆಳಿಗ್ಗೆ ಐನೂರು, ಸಂಜೆ ದೊಡ್ಡತ್ತೆ ಬರುವ ಮೊದಲು ಐನೂರು ಎಂದು ಗೊತ್ತುಮಾಡಿಕೊಂಡೆ.

ಎಂ.ಎಸ್ಸಿ. ಮುಗಿದ ಮೇಲೆ ದೇವರ ಮನೆಗೆ ಅರ್ಧ ನಿಮಿಷ ಮಾತ್ರ ಮೀಸಲಿಟ್ಟಿದ್ದ ಮಗಳು ಎರಡು ಹೊತ್ತೂ ಹದಿನೈದು ನಿಮಿಷ ಒಳಗೆ ಕೂರುವುದನ್ನು ಅವ್ವ ನೋಡಿದಳು. ಬಾಗಿಲ ಸಂದಿಯಿಂದ ಅವಳಿಗೆ ಕಂಡದ್ದು ನನ್ನ ಬೆನ್ನು, ತೂಗುತ್ತಿದ್ದ ಭುಜ, ಅಲುಗುತ್ತಿದ್ದ ತುಟಿ. ತುಟಿಯಲ್ಲಿದ್ದದ್ದು ಮುನ್ನೂರ ನಲವತ್ತೆರಡು, ಮುನ್ನೂರ ನಲವತ್ತಮೂರು. “ಜಪ ಮಾಡ್ತಾಳೆ ಕಣ್ರಿ,” ಎಂದು ಅವ್ವ ಅಪ್ಪಾಜಿಯ ಹತ್ತಿರ ಹೇಳಿ ಕಣ್ಣೊರೆಸಿಕೊಂಡದ್ದು ನನಗೆ ಕೇಳಿಸಿತು. ಎರಡು ದಿನದಲ್ಲಿ ಪಕ್ಕದ ಮನೆಗೂ, ಮೂರನೆಯ ದಿನ ದೊಡ್ಡ ಉಳ್ಳಾರ್ತಿ ಹಳ್ಳಿಯ ಚಿಕ್ಕಮ್ಮನಿಗೂ ಸುದ್ದಿ ಹೋಯಿತು. ಚಿಕ್ಕಮ್ಮ ಫೋನು ಮಾಡಿ, “ನನ್ನ ಮಗಂಗೂ ಎಸ್ಸೆಸ್ಸೆಲ್ಸಿ ಐತೆ, ಹಂಗೇ ಒಂದು ಮಾತು ಕೇಳ್ಕೊಳೆ” ಅಂದಳು. ಹೀಗೆ ದೇವರಿಗೂ ಮೋಸ, ಅವ್ವನಿಗೂ ಮೋಸ, ಕಡೆಗೆ ಎಸ್ಸೆಸ್ಸೆಲ್ಸಿ ಹುಡುಗನಿಗೂ ಮೋಸ ಎಂದು ಭಯ ಮೂರು ಪಟ್ಟಾಯಿತು. ಪ್ರಾಯಶ್ಚಿತ್ತಕ್ಕೆಂದು ಇನ್ನೂ ಐವತ್ತು ಸಲ ಹೆಚ್ಚಿಗೆ ಆಡಿಸಿದೆ. ಅದರಲ್ಲಿ ಇಪ್ಪತ್ತು ಆ ಹುಡುಗನ ಹೆಸರಿನಲ್ಲಿ.

ಎಂಟನೆಯ ದಿನ ಸಿಕ್ಕಿಬಿದ್ದೆ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ್ದಾರೆಂದು ಬಾಗಿಲು ಒರಗಿಸುವುದನ್ನೂ ಮರೆತಿದ್ದೆ. ನೂರ ಹನ್ನೆರಡಕ್ಕೆ ಬಂದಾಗ ಹಿಂದಿನಿಂದ ದನಿ ಬಂತು.

“ಅದ್ಯಾವ ದೇವ್ರ ಜಪಾನೇ, ಕೈಯೊಳಗೆ ಗಿಲಕಿ ಹಿಡ್ದಂಗೆ?”

ತಿರುಗಿದೆ. ದೊಡ್ಡತ್ತೆ. ಸೆರಗಿನಿಂದ ವಾಚಿನ ಚೈನು ಹೊರಗೆ ಜೋತು ಬಿದ್ದು ಹೊಳೆಯುತ್ತಿತ್ತು. ಸುಳ್ಳು ಹೇಳಲು ಬಾಯಿ ತೆರೆದೆ, ಅಭ್ಯಾಸವಿಲ್ಲದ್ದರಿಂದ ನಿಜ ಬಂದುಬಿಟ್ಟಿತು. ನಿಂತದ್ದು, ಓಡಿಸಿದ್ದು, ಐನೂರು, ಐನೂರೈವತ್ತು, ಎಲ್ಲ. ದೊಡ್ಡತ್ತೆ ಬಾಗಿಲು ಹಾಕಿ ಅಗಣಿ ಜಡಿದರು. ಅವರು ಪಕ್ಕದಲ್ಲಿ ಕೂತು, “ಎಷ್ಟು ಹೊತ್ತು ಆಡಿಸಿದ್ರೆ ಎಷ್ಟು ಹೊತ್ತು ನಡೀತೈತೆ?” ಎಂದು ಕೇಳಿದರು.

“ಗೊತ್ತಿಲ್ಲ ಅತ್ತೆ.”

“ಎಂ.ಎಸ್ಸಿ. ಅಂತೆ.” ಅವರು ಕೈ ಚಾಚಿದರು. “ತಾ ಇಲ್ಲಿ. ನೀನು ಕಾಲೇಜಿಗೆ ಹೋದಾಗ ಹಗಲೆಲ್ಲ ನಾನು ನೋಡ್ಕೊಂತೀನಿ. ನಂಗೇನ್ ಕೆಲ್ಸ ಐತೆ? ಮೊಮ್ಮಕ್ಳನ್ನ ತೂಗ್ದಂಗೆ ತೂಗ್ತೀನಿ.”

ನಾನು ಬೆರಗಾಗಿ, “ಅತ್ತೆ, ನಿಂತಿದ್ದು ಅಪಶಕುನ ಅಲ್ವಾ?” ಅಂದೆ.

“ಶಕುನ ಅನ್ನೋದು ಕಂಡೋರಿಗೆ ಕಣೆ, ಕಾಣ್ದೋರಿಗಲ್ಲ. ನನ್ನ ಶಾಸ್ತ್ರದ ದಿನ ಆರತಿ ದೀಪ ಆರ್ತು. ನಮ್ಮವ್ವ ಸೆರಗು ಅಡ್ಡ ಹಿಡ್ದು ಮತ್ತೆ ಹಚ್ಚಿದ್ಲು. ಮೂವತ್ತೆಂಟು ವರ್ಷ ಬಾಳ್ವೆ ಮಾಡ್ದೆ, ಯಾರಿಗೂ ಗೊತ್ತಾಗ್ಲಿಲ್ಲ. ಆ ದೀಪಕ್ಕೂ ಗೊತ್ತಾಗ್ಲಿಲ್ಲ.” ಎಂದು ವಾಚನ್ನು ಕಿವಿಯ ಹತ್ತಿರ ಹಿಡಿದು, ಹಗುರವಾಗಿ ತೂಗತೊಡಗಿದರು.

ಹೀಗೆ ಎರಡು ಪಾಳಿಯಲ್ಲಿ ನಾವು ಆ ವಾಚನ್ನು ಹನ್ನೊಂದನೆಯ ದಿನದವರೆಗೆ ಬದುಕಿಸಿದೆವು. ಹೊರಡುವ ಬೆಳಿಗ್ಗೆ ರೇಡಿಯೋ ಸಮಯಕ್ಕೆ ಹೋಲಿಸಿದಾಗ ಅದು ನಾಲ್ಕು ನಿಮಿಷ ಮುಂದಿತ್ತು. ಬಿಟ್ಟಿದ್ದರೆ ಆಗುತ್ತಿತ್ತು. ನಾಲ್ಕು ನಿಮಿಷ ಮುಂದಿರುವ ಅಳಿಯನನ್ನು ಯಾವ ಮನೆಯವರೂ ಬೇಡ ಅನ್ನುವುದಿಲ್ಲ. ಆದರೆ ನನ್ನ ಸ್ವಭಾವ ಬಿಡಬೇಕಲ್ಲ. ಗುಂಡಿ ಬಿಚ್ಚಿ ಸರಿ ಮಾಡುತ್ತಿರುವಾಗಲೇ ಹೊರಗೆ ಅಪ್ಪಾಜಿ “ಜೀಪು ಬಂತು, ಹೊರಡ್ರೀ” ಎಂದು ಕೂಗಿದರು. ಗಡಿಬಿಡಿಯಲ್ಲಿ ವಾಚು ಡಬ್ಬಿಗೆ, ಡಬ್ಬಿ ತಟ್ಟೆಗೆ, ತಟ್ಟೆ ದೊಡ್ಡತ್ತೆಯ ತೊಡೆಗೆ ಸೇರಿತು. ಮೊಳಕಾಲ್ಮೂರಿನ ರಸ್ತೆ ಆಗ ಗುಂಡಿಯೊಳಗೆ ಗುಂಡಿ. ಜೀಪಿನ ಪ್ರತಿ ಕುಲುಕಾಟಕ್ಕೂ ಎಲ್ಲರೂ ಅಯ್ಯೋ ಅಂದರೆ ದೊಡ್ಡತ್ತೆ ಮಾತ್ರ ನನ್ನ ಕಡೆ ನೋಡಿ, “ಇವತ್ತು ನಮ್ಮ ಕೆಲ್ಸ ರೋಡೇ ಮಾಡ್ತೈತೆ ಬಿಡು” ಎಂದು ಕಣ್ಣು ಮಿಟುಕಿಸಿದರು.

ಶಾಸ್ತ್ರ ಅವರ ಮನೆಯ ಪಡಸಾಲೆಯಲ್ಲಿ. ಮಗ್ಗದ ಸದ್ದು ಆ ದಿನ ನಿಂತಿತ್ತು. ಉಂಗುರವಾಯಿತು. ಆಮೇಲೆ ವೀರೇಶರ ಅಜ್ಜಿ ವಾಚಿನ ಡಬ್ಬಿ ತೆಗೆದುಕೊಂಡು ಎಲ್ಲರೂ ಸುಮ್ಮನಿರುವಂತೆ ಕೈ ಎತ್ತಿ, ಅದಕ್ಕೆ ಕಿವಿ ಕೊಟ್ಟರು. ನಾನು ಉಸಿರಾಡಲಿಲ್ಲ. ಅಜ್ಜಿ ತಲೆದೂಗಿ, “ನಡೀತಾ ಐತೆ” ಅಂದರು. ದೊಡ್ಡತ್ತೆ ಕೆಮ್ಮಿದರು. ಹನ್ನೊಂದು ದಿನದ ಮೇಲೆ ನನ್ನ ಶ್ವಾಸಕೋಶಕ್ಕೆ ಮೊದಲ ಸಲ ಪೂರ್ತಿ ಗಾಳಿ ಹೋಯಿತು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಎಲ್ಲ ಮನೆಗಳಲ್ಲಿಯೂ ಒಬ್ಬ ಚಿಕ್ಕಪ್ಪ ಇರುತ್ತಾರೆ. ಅವರ ಮನೆಯ ಚಿಕ್ಕಪ್ಪ ವಾಚನ್ನು ಕೈಯಲ್ಲಿ ತೂಗಿ ನೋಡಿ, “ನೀರಾಗೆ ಇನ್ನೂರು ಮೀಟರ್ ಹೋಗ್ತೈತೆ ಅಂದ್ರಲ್ಲ ಬೀಗ್ರೆ? ಎಲ್ಲರ ಮುಂದೇನೇ ನೋಡಿಬಿಡಾನ! ಲೇ ವೀರೇಶ, ಕಟ್ಕೊಂಡು ಕೈ ಅದ್ದಲೇ!” ಎಂದು ಒಳಗಿನಿಂದ ಹಿತ್ತಾಳೆ ಬೋಗುಣಿ ತುಂಬ ನೀರು ತರಿಸಿದರು. ಪಡಸಾಲೆಯಲ್ಲಿ ನಗು, ಉತ್ಸಾಹ. ಅಪ್ಪಾಜಿಗೂ ಹುರುಪು. “ಓಹೋ, ನಮ್ಮ ಹುಡುಗಿ ಆರ್ಸಿದ್ದು, ಅದ್ದ್ರಿ, ಅದ್ದ್ರಿ!” ಅಂದರು.

ಆಗ ನೆನಪಾಯಿತು, ಗುಂಡಿ. ಬೆಳಿಗ್ಗೆ ಬಿಚ್ಚಿದ್ದೆ. ಬಿಗಿದೆನೇ? ಜೀಪು ಬಂತು ಎಂದು ಕೂಗಿದ್ದು ನೆನಪಿದೆ, ಡಬ್ಬಿ ಮುಚ್ಚಿದ್ದು ನೆನಪಿದೆ, ನಡುವೆ ಬೆರಳು ಏನು ಮಾಡಿತು ಎಂಬುದು ಮಾತ್ರ ಖಾಲಿ. ಬಿಗೀದೆ ಬಿಟ್ರೆ ಜರಡಿ. ವಾಚು ಎರಡೂ ಕಡೆಯವರ ಕಣ್ಣ ಮುಂದೆ ನೀರು ಕುಡಿದು, ಹಬೆ ಕಟ್ಟಿ, ಮುಳ್ಳು ನಿಂತು ಸಾಯುತ್ತದೆ. ಪಾಯಸ ಬಡಿಸುವುದಕ್ಕೆ ಆಗಲೇ ತಯಾರಿ ನಡೆದಿತ್ತು, ತುಪ್ಪದ ವಾಸನೆ ಬರುತ್ತಿತ್ತು. ಹೇಳೋಣವೆಂದರೆ, ಗುಂಡಿಯ ವಿಷಯ ನನಗೆ ಹೇಗೆ ಗೊತ್ತು? ಮುಟ್ಟಬಾರದವಳು ಮುಟ್ಟಿದ್ದೆ ಎಂದು ಒಪ್ಪಿಕೊಂಡ ಹಾಗೆ. ವೀರೇಶರ ನೀಲಿ ಬೆರಳುಗಳು ನೀರಿನಿಂದ ನಾಲ್ಕು ಅಂಗುಲ ಮೇಲಿದ್ದವು. ಮೂರು. ಎರಡು.

“ನಿಲ್ಲೀ! ಗುಂಡಿ ಬಿಗಿ ಇದೆಯಾ ನೋಡಿ!”

ಆ ದನಿ ಯಾರದೆಂದು ನಾನೇ ಸುತ್ತ ನೋಡಿದೆ. ಅಷ್ಟು ಜೋರಾಗಿ ನಾನು ತರಗತಿಯಲ್ಲೂ ಮಾತಾಡಿದವಳಲ್ಲ. ವೀರೇಶರ ಕೈ ಹಾಗೇ ನಿಂತಿತು. ಅವರು ನನ್ನನ್ನು ಒಂದು ಸಲ ನೋಡಿ, ವಾಚಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಎರಡು ಸುತ್ತು. “ಹೌದು, ಸಡ್ಲ ಇತ್ತು. ಹೇಳಿದ್ದು ಒಳ್ಳೇದಾಯ್ತು,” ಎಂದು ಹೇಳಿ ಮೊಣಕೈವರೆಗೆ ಕೈ ಮುಳುಗಿಸಿದರು. ಸೆಕೆಂಡಿನ ಮುಳ್ಳು ನೀರಿನೊಳಗೆ ನಿಶ್ಚಿಂತೆಯಿಂದ ಓಡುತ್ತಿತ್ತು.

ಅಜ್ಜಿ ಮಾತ್ರ ವಾಚು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. “ಗುಂಡಿ ಸಂಗ್ತಿ ನಿಂಗೆಂಗೆ ಗೊತ್ತಮ್ಮಾಯಿ? ಮುಟ್ಟಿದ್ಯಾ?”

“ನಾನ್ ಮುಟ್ಟಿದ್ದು!” ಎಂದು ದೊಡ್ಡತ್ತೆ ಎದ್ದು ನಿಂತರು. “ಧೂಳು ಒರಸ್ತಿದ್ದೆ. ಅವಳು ನೋಡಿರ್ಬೇಕು.”

ಅಜ್ಜಿ ದೊಡ್ಡತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಒಂದೇ ಕಸುಬಿನ ಇಬ್ಬರು ಎದುರಾದಾಗ ನೋಡುವ ನೋಟ ಅದು. ಆಮೇಲೆ ಜೋರಾಗಿ ನಕ್ಕು, ಒಳಗಿನ ಹೆಂಗಸರ ಕಡೆ ತಿರುಗಿ, “ಮಾಟ್ಲಾಡ್ತೈತ್ರೇ ಅಮ್ಮಾಯಿ! ಬಾಯಿ ಐತೆ ಇದಕ್ಕೆ!” ಎಂದು ಕೂಗಿದರು. ನನ್ನ ಗಲ್ಲ ಹಿಡಿದು, “ಆವತ್ತು ನೋಡಾಕೆ ಬಂದಾಗ ಹಿತ್ತಲಾಗೆ ಮೂರು ಸಲ ತಲೆ ಆಡ್ಸಿದ್ದು ಬಿಟ್ರೆ ಒಂದ್ ಮಾತಿಲ್ಲ ಅಂದ ಈ ಹುಡುಗ. ಮೂಗಿ ಏನೋ, ಇವರು ಮುಚ್ಚಿಟ್ಟವ್ರೋ ಏನೋ ಅಂತ ಎಲ್ಡು ತಿಂಗಳಿಂದ ನಂಗೆ ನಿದ್ದೆ ಇಲ್ಲಮ್ಮಾ. ಇವತ್ತು ಊಟಕ್ಕೆ ಮುಂಚೆ ಮಾತಾಡ್ಲಿಲ್ಲ ಅಂದ್ರೆ ಕೇಳೇಬಿಡಾನ ಅಂತಿದ್ದೆ,” ಅಂದರು.

ಹನ್ನೊಂದು ದಿನ ನಾನು ಚಳ್ಳಕೆರೆಯಲ್ಲಿ ವಾಚಿಗೆ ಹೆದರುತ್ತಿದ್ದರೆ, ಐವತ್ತು ಕಿಲೋಮೀಟರು ಆಚೆ ಒಬ್ಬರು ನನಗೇ ಹೆದರಿಕೊಂಡು ಕೂತಿದ್ದರು. ಪಾಯಸ ಬಡಿಸಿದರು. ಯಾರೂ ಎದ್ದು ಹೋಗಲಿಲ್ಲ. ನಾನು ಎರಡು ಸಲ ಹಾಕಿಸಿಕೊಂಡೆ.

ಮದುವೆಯಾಗಿ ಒಂದು ತಿಂಗಳಾದ ಮೇಲೆ ಒಂದು ಸಂಜೆ ಹಿತ್ತಲಲ್ಲಿ ಬಿದಿರಿಗೆ ಹಾಕಿದ್ದ ನೂಲು ಒಣಗುತ್ತಿತ್ತು. ವೀರೇಶರು ಟೀ ಕುಡಿಯುತ್ತಾ ಕೂತಿದ್ದರು. ನನ್ನನ್ನು ಕೊರೆಯುತ್ತಿದ್ದ ಒಂದು ಪ್ರಶ್ನೆ ಕೇಳಿದೆ. ನನ್ನ ತಪ್ಪಿನ ನಿಖರ ಅಳತೆ ನನಗೆ ಬೇಕಿತ್ತು. “ಆವತ್ತು ಗುಂಡಿ ಪೂರ್ತಿ ಎರಡು ಸುತ್ತು ಸಡಿಲ ಇತ್ತಾ, ಇಲ್ಲಾ ಒಂದೂವರೆಯಾ?”

“ಸಡ್ಲ ಎಲ್ಲಿತ್ತು? ಕಲ್ಲಿನಂಗೆ ಬಿಗಿ ಇತ್ತು. ಉಗುರು ಹಾಕಿದ್ರೂ ಅಲ್ಲಾಡ್ಲಿಲ್ಲ.”

“ಮತ್ತೆ ಎರಡು ಸುತ್ತು ತಿರುಗಿಸಿದಿರಲ್ಲ?”

“ಬೆರಳು ತಿರುಗ್ಸಿದೆ. ಗುಂಡಿ ಅಲ್ಲ,” ಅಂದರು. “ಅಷ್ಟು ಜನರ ಮುಂದೆ ಅಂಗೆ ಕೂಗಿಬಿಟ್ಟಿದ್ದೆ ನೀನು. ಬಿಗಿ ಐತೆ ಅಂದಿದ್ರೆ ಆಮೇಲೆ ಈ ಮನೆಯಾಗೆ ಮತ್ತೆ ಬಾಯಿ ಬಿಡ್ತಿದ್ಯಾ?”

ಬಿಗಿದಿದ್ದೆ ಎಂಬ ಸಮಾಧಾನ ಅರ್ಧ ನಿಮಿಷ ಇತ್ತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಎರಡು ಮನೆತನದ ಎದುರು, ಉರಿಯುವ ದೀಪದ ಎದುರು, ಮುಖದ ಒಂದು ಗೆರೆಯೂ ಅಲುಗದಂತೆ ಸುಳ್ಳು ಹೇಳಬಲ್ಲ ಮನುಷ್ಯ ಇವರು. ನಾನು ಟೀ ಕುಡಿಯುವವಳಲ್ಲ. ಆದರೂ ಒಂದು ತಿಂಗಳಿಂದ, ಟೀ ಪುಡಿ, ಸಕ್ಕರೆಯನ್ನು ಚಮಚದಲ್ಲಿ ಅಳೆದು, ದಿನಕ್ಕೆ ಎರಡು ಲೋಟ ನಾನೇ ಮಾಡಿ ಕೊಡುತ್ತಿದ್ದೆ. ಪ್ರತಿ ಸಲವೂ ಇದೇ ಮುಖ ಹೊತ್ತು “ಚೆನ್ನಾಗೈತೆ” ಎನ್ನುತ್ತಿದ್ದರು.

ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಂದು ಗುಟುಕು ಕುಡಿದು ನೋಡಿದೆ. ಬಣ್ಣದ ಹಂಡೆಯ ನೀರು ಇದಕ್ಕಿಂತ ರುಚಿಯಾಗಿದ್ದೀತು.